ದಾನಕ್ಕೆ ಪಾತ್ರರಾರು?

1893ನೆಯ ಇಸವಿಯ ಡಿಸೆಂಬರ್ ತಿಂಗಳು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆಸ್ಪತ್ರೆಯಲ್ಲಿ ಹದಿನೈದು ವರ್ಷದ ಬಾಲಕನೊಬ್ಬನು ಮಧುಮೇಹದಿಂದ ಬಳಲಿ ಮರಣದ ಅಂಚನ್ನು ಮುಟ್ಟಿದ್ದನು. ಆ ಕಾಲದಲ್ಲಿ ಈ ರೋಗ ಎಳೆಯರಿಗೆ ತಗುಲಿತೆಂದರೆ ಬದುಕುವ ಆಸೆಯನ್ನು ಬಿಡಬೇಕಾಗಿತ್ತು. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಎಷ್ಟು ನೀರು ಕುಡಿದರೂ ದಾಹ ತೀರುತ್ತಿರಲಿಲ್ಲ. ದೇಹವು ದಿನದಿನಕ್ಕೆ ಕರಗಿ ಕೊನೆಗೆ ಎಚ್ಚರ ತಪ್ಪಿ ಪ್ರಾಣ ಹೋಗುತ್ತಿತ್ತು. ಮೇದೋಜೀರಕ ಗ್ರಂಥಿ ಕೆಟ್ಟರೆ ಈ ರೋಗ ಬರುತ್ತದೆಂಬುದು ಮಾತ್ರ ಆಗ ವೈದ್ಯರಿಗೆ ತಿಳಿದುಬಂದಿದ್ದಿತು. ಕೆಟ್ಟ ಗ್ರಂಥಿಯ ಕೆಲಸವನ್ನು ಬೇರೊಂದು ಗ್ರಂಥಿಯಿಂದ ಮಾಡಿಸಬಾರದೇಕೆ ಎಂದು ಅಲ್ಲಿನ ವೈದ್ಯ ವಾಟ್ಸನ್ ವಿಲಿಯಮ್ಸ್ ಆಲೋಚಿಸಿದರು. ಆಗತಾನೆ ಕೊಯ್ದ ಕುರಿಯ ಮೇದೋಜೀರಕ ಗ್ರಂಥಿಯ ತುಣುಕುಗಳನ್ನು ಬಾಲಕನ ಚರ್ಮದ ಕೆಳಗೆ ಇಟ್ಟು ಹೊಲಿದರು. ಪ್ರಯತ್ನ ಫಲಿಸಲಿಲ್ಲ. ಮೂರು ದಿನಗಳ ಬಳಿಕ ಬಾಲಕನು ತೀರಿಕೊಂಡನು.

ಅಂದು ಆ ವೈದ್ಯರು ಎದುರಿಸದೆ ಇದ್ದ ಎರಡು ಪ್ರಶ್ನೆಗಳನ್ನು ಇಂದಿನ ವೈದ್ಯರು ಪ್ರತಿದಿನವೂ ಎದುರಿಸಬೇಕಾಗಿದೆ. ಯಾರ ಗ್ರಂಥಿಯನ್ನು ತೆಗೆದುಕೊಳ್ಳಬೇಕು? ಅದನ್ನು ಯಾರಿಗೆ ಕೊಡಬೇಕು? ಶಸ್ತ್ರವೈದ್ಯರ ಕೈಚಳಕದಷ್ಟೇ ಈ ಎರಡು ಪ್ರಶ್ನೆಗಳ ಉತ್ತರವೂ ರೋಗಿಯ ಬದುಕನ್ನು ನಿರ್ಧರಿಸುತ್ತದೆ.

ಮೇದೋಜೀರಕ ಗ್ರಂಥಿಯು ಜಠರದ ಹಿಂದೆ ಅಡ್ಡಲಾಗಿರುವ, ಗೇಣಿಗಿಂತ ಕಡಿಮೆ ಉದ್ದದ ಮೃದುವಾದ ಅಂಗ. ಅದಕ್ಕೆ ಎರಡು ಕೆಲಸಗಳಿವೆ. ಆಹಾರವನ್ನು ಅರಗಿಸುವ ರಸವನ್ನು ತಯಾರಿಸಿ ಸಣ್ಣ ಕರುಳಿಗೆ ಸುರಿಸುವುದು ಒಂದು. ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇನ್ನೊಂದು. 1869ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಸೂಕ್ಷ್ಮದರ್ಶಕದಲ್ಲಿ ಈ ಗ್ರಂಥಿಯನ್ನು ಪರೀಕ್ಷಿಸುತ್ತಿದ್ದಾಗ, ರಸವನ್ನು ಸ್ರವಿಸುವ ಕೋಶಗಳ ನಡುವೆ ಅಲ್ಲಲ್ಲಿ ಬೇರೆ ಬಗೆಯ ಕೋಶಗಳ ಪುಟ್ಟ ಗುಂಪುಗಳಿರುವುದನ್ನು ಕಂಡನು. ಅವನಿಗೆ ಆಗ ಇಪ್ಪತ್ತೊಂದು ವರ್ಷ. ಅವುಗಳ ಕೆಲಸವೇನೆಂಬುದು ಅವನಿಗೆ ತಿಳಿಯಲಿಲ್ಲ. ಬ್ರಿಸ್ಟಲಿನ ಬಾಲಕ ಸತ್ತ 1893ರಲ್ಲಿಯೇ ಫ್ರಾನ್ಸಿನ ವಿಜ್ಞಾನಿ ಲಗೆಸ್ ಅವಕ್ಕೆ ‘ಲ್ಯಾಂಗರ್‌ಹಾನ್ಸ್ ದ್ವೀಪಗಳು’ ಎಂದು ಹೆಸರಿಟ್ಟನು. ಕಡಲಿನ ನಡುವೆ ಚೆದುರಿದ ನಡುಗಡ್ಡೆಗಳಂತೆ ತೋರುವ ಈ ಕಿರುದ್ವೀಪಗಳು ಒಂದು ಗ್ರಂಥಿಯಲ್ಲಿ ಸುಮಾರು ಹತ್ತು ಲಕ್ಷದಷ್ಟಿರುತ್ತವೆ. ಆದರೂ ಎಲ್ಲವನ್ನೂ ಕೂಡಿಸಿದರೆ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಇನ್ಸುಲಿನ್ ಎಂಬ ಜೀವರಸ ಉತ್ಪತ್ತಿಯಾಗುವುದು ಇವುಗಳಲ್ಲಿಯೇ.

1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಹೊರತೆಗೆಯುವುದರಲ್ಲಿ ಯಶಸ್ವಿಯಾದರು. 1922ರ ಜನವರಿಯಲ್ಲಿ ಅದನ್ನು ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಚುಚ್ಚುಮದ್ದಿನ ಮೂಲಕ ಕೊಡಲಾಯಿತು. ಅವನು ಚೇತರಿಸಿಕೊಂಡನು. ಅಂದಿನಿಂದ ಇನ್ಸುಲಿನ್ ಕೋಟ್ಯಂತರ ಜನರನ್ನು ಉಳಿಸಿದೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕಿರುದ್ವೀಪಗಳನ್ನು ನಾಶಮಾಡುವುದರಿಂದ ಬರುವ ‘ಒಂದನೆಯ ಬಗೆಯ’ ಮಧುಮೇಹದ ರೋಗಿಗಳು ಇನ್ಸುಲಿನ್ನಿನ ಬಲದಿಂದ ಓದಿ, ದುಡಿದು, ಸಂಸಾರ ನಡೆಸಿ ತುಂಬು ಜೀವನವನ್ನು ಬಾಳುತ್ತಿದ್ದಾರೆ.

ಹಾಗಿದ್ದ ಮೇಲೆ ಕಸಿಯ ಅಗತ್ಯವೇನು? ಹೆಚ್ಚಿನ ರೋಗಿಗಳಿಗೆ ಅಗತ್ಯವಿಲ್ಲವೆಂಬುದೇ ಇದಕ್ಕೆ ಮೊದಲ ಉತ್ತರ. ಆದರೆ ಇಬ್ಬಗೆಯ ರೋಗಿಗಳ ಪಾಲಿಗೆ ಇನ್ಸುಲಿನ್ ಒಂದೇ ಸಾಲದು. ಕೆಲವರಲ್ಲಿ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಸಾಮಾನ್ಯವಾಗಿ ಇಂತಹ ಸಮಯದಲ್ಲಿ ಬೆವರು, ನಡುಕ, ಹಸಿವು ಕಾಣಿಸಿಕೊಂಡು ರೋಗಿಗೆ ಎಚ್ಚರಿಕೆ ಕೊಡುತ್ತವೆ. ಅವನು ಒಂದಿಷ್ಟು ಸಕ್ಕರೆಯನ್ನೋ ಬೆಲ್ಲವನ್ನೋ ತಿಂದು ಸುಧಾರಿಸಿಕೊಳ್ಳುತ್ತಾನೆ. ಅನೇಕ ವರ್ಷಗಳ ಮಧುಮೇಹದ ಬಳಿಕ ಕೆಲವರಲ್ಲಿ ಈ ಮುನ್ಸೂಚನೆಯೇ ಅಳಿದುಹೋಗುತ್ತದೆ. ಅಂಥವರು ರಸ್ತೆ ದಾಟುವಾಗಲೋ ನಿದ್ರೆಯಲ್ಲಿಯೋ ಎಚ್ಚರ ತಪ್ಪಬಹುದು, ಪ್ರಾಣಕ್ಕೂ ಅಪಾಯವುಂಟಾಗಬಹುದು. ಎರಡನೆಯ ಗುಂಪಿನವರು ಮಧುಮೇಹದಿಂದಾಗಿ ಮೂತ್ರಪಿಂಡಗಳು ನಿಷ್ಕ್ರಿಯವಾದವರು. ಅವರಿಗೆ ಹೇಗೂ ಮೂತ್ರಪಿಂಡದ ಕಸಿ ಬೇಕು. ಅದರೊಡನೆ ಮೇದೋಜೀರಕ ಗ್ರಂಥಿಯನ್ನೂ ಕಸಿ ಮಾಡಿದರೆ ಹೊಸ ಮೂತ್ರಪಿಂಡವೂ ಮತ್ತೆ ಮಧುಮೇಹಕ್ಕೆ ತುತ್ತಾಗುವುದು ತಪ್ಪುತ್ತದೆ.

ಇಡೀ ಗ್ರಂಥಿಯ ಕಸಿಗೆ ನಾಂದಿ ಹಾಡಿದವರು ಅಮೆರಿಕದ ಮಿನಸೋಟ ವಿಶ್ವವಿದ್ಯಾಲಯದ ಕೆಲ್ಲಿ ಮತ್ತು ಲಿಲ್ಲೆಹೈ. 1966ರ ಡಿಸೆಂಬರಿನಲ್ಲಿ ಅವರು ಇಪ್ಪತ್ತೆಂಟು ವರ್ಷದ ಮಹಿಳೆಯೊಬ್ಬಳಿಗೆ ಮೂತ್ರಪಿಂಡದೊಡನೆ ಮೇದೋಜೀರಕ ಗ್ರಂಥಿಯ ಭಾಗವನ್ನೂ ಕಸಿ ಮಾಡಿದರು. ಕೆಲವು ದಿನಗಳ ಕಾಲ ಅವಳಿಗೆ ಇನ್ಸುಲಿನ್ ಬೇಕಾಗಲಿಲ್ಲ. ಆದರೆ ಕೆಲವೇ ತಿಂಗಳುಗಳಲ್ಲಿ ಅವಳು ಕಣ್ಮುಚ್ಚಿದಳು. ಅಲ್ಲಿಂದೀಚೆಗೆ ವಿಧಾನಗಳು ಬಹಳವಾಗಿ ಸುಧಾರಿಸಿವೆ. ಈಗ ದಾನಿಯ ಗ್ರಂಥಿಯನ್ನು ಅದಕ್ಕೆ ಅಂಟಿಕೊಂಡಿರುವ ಸಣ್ಣ ಕರುಳಿನ ತುಂಡಿನೊಡನೆ ತೆಗೆದು, ರೋಗಿಯ ಕಿಬ್ಬೊಟ್ಟೆಯಲ್ಲಿಟ್ಟು, ರಕ್ತನಾಳಗಳಿಗೂ ಕರುಳಿಗೂ ಜೋಡಿಸುತ್ತಾರೆ. ರೋಗಿಯ ಸ್ವಂತ ಗ್ರಂಥಿಯನ್ನು ತೆಗೆಯುವುದಿಲ್ಲ; ಅದು ತನ್ನ ಸ್ಥಾನದಲ್ಲಿದ್ದುಕೊಂಡು ಜೀರ್ಣರಸವನ್ನು ಒದಗಿಸುತ್ತಿರುತ್ತದೆ.

ಇನ್ನೊಂದು ಮಾರ್ಗ ಕಿರುದ್ವೀಪಗಳ ಕಸಿ. ಬೇಕಾದುದು ನೂರರಲ್ಲಿ ಒಂದೆರಡು ಪಾಲಾದರೆ ಇಡೀ ಗ್ರಂಥಿಯನ್ನು ಏಕೆ ಹೊರಬೇಕು? 1967ರಲ್ಲಿ ಅಮೆರಿಕದ ಪಾಲ್ ಲೇಸಿ ಇಲಿಯ ಗ್ರಂಥಿಯಿಂದ ಕಿರುದ್ವೀಪಗಳನ್ನು ಬೇರ್ಪಡಿಸುವ ವಿಧಾನವನ್ನು ತೋರಿಸಿದರು. 1988ರಲ್ಲಿ ರಿಕಾರ್ಡಿ ಎಂಬ ವೈದ್ಯರು ಮನುಷ್ಯರ ಗ್ರಂಥಿಯಿಂದ ಅವುಗಳನ್ನು ಬೇರ್ಪಡಿಸುವ ಉಪಕರಣವನ್ನು ರೂಪಿಸಿದರು. ಮೊದಲು ಗ್ರಂಥಿಯ ನಾಳದೊಳಕ್ಕೆ ಕೊಲಾಜಿನೇಸ್ ಎಂಬ ಕಿಣ್ವವನ್ನು ತುಂಬುತ್ತಾರೆ. ದೇಹದ ಉಷ್ಣತೆಯಲ್ಲಿಟ್ಟು ಕುಲುಕಿದಾಗ ಕೋಶಗಳನ್ನು ಹಿಡಿದಿಟ್ಟಿರುವ ಅಂಗಾಂಶ ಸಡಿಲಗೊಳ್ಳುತ್ತದೆ. ಅನಂತರ ವೇಗವಾಗಿ ತಿರುಗುವ ಯಂತ್ರದಲ್ಲಿಟ್ಟು, ಹಗುರವಾದ ಕಿರುದ್ವೀಪಗಳನ್ನು ಉಳಿದ ಭಾಗದಿಂದ ಪ್ರತ್ಯೇಕಿಸುತ್ತಾರೆ. ಕೊನೆಗೆ ಅವುಗಳನ್ನು ದ್ರವದಲ್ಲಿ ತೇಲಿಸಿ, ಕರುಳಿನಿಂದ ಪಿತ್ತಜನಕಾಂಗಕ್ಕೆ ರಕ್ತವನ್ನೊಯ್ಯುವ ನಾಳದೊಳಕ್ಕೆ ಸೂಜಿಯ ಮೂಲಕ ನಿಧಾನವಾಗಿ ಬಿಡುತ್ತಾರೆ. ಕಿರುದ್ವೀಪಗಳು ಪಿತ್ತಜನಕಾಂಗದಲ್ಲಿ ನೆಲೆಯೂರಿ ಇನ್ಸುಲಿನ್ ಸ್ರವಿಸತೊಡಗುತ್ತವೆ. ಹೊಟ್ಟೆಯನ್ನು ಕೊಯ್ಯುವ ದೊಡ್ಡ ಶಸ್ತ್ರಕ್ರಿಯೆ ತಪ್ಪುತ್ತದೆ.

2000ದ ಇಸವಿಯಲ್ಲಿ ಕೆನಡಾದ ಎಡ್ಮಂಟನ್ ನಗರದ ಶಪೀರೊ ಮತ್ತು ಅವರ ಸಂಗಡಿಗರು ಈ ವಿಧಾನದಿಂದ ಏಳು ಮಂದಿ ರೋಗಿಗಳೂ ಇನ್ಸುಲಿನ್ನಿನ ಹಂಗಿನಿಂದ ಬಿಡುಗಡೆ ಹೊಂದಿದರೆಂದು ವರದಿ ಮಾಡಿದಾಗ ವೈದ್ಯಲೋಕ ಬೆರಗಾಯಿತು. ಐದು ವರ್ಷಗಳ ಬಳಿಕ, ಆ ಕೇಂದ್ರದಲ್ಲಿ ಕಸಿ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ ಇನ್ಸುಲಿನ್ ಇಲ್ಲದೆ ಇರಬಲ್ಲವರಾಗಿದ್ದರು. ಆದರೂ ಸುಮಾರು ಎಂಬತ್ತು ಮಂದಿಯಲ್ಲಿ ಕಿರುದ್ವೀಪಗಳು ಅಷ್ಟಿಷ್ಟು ಕೆಲಸ ಮಾಡುತ್ತಲೇ ಇದ್ದವು. ಸಕ್ಕರೆ ಹಠಾತ್ತನೆ ಕುಸಿಯುವ ಭಯದಿಂದ ಪಾರಾಗಲು ಅಷ್ಟೇ ಸಾಕಾಗುತ್ತದೆ.

ಎರಡು ಮಾರ್ಗಗಳಿಗೂ ತೆರಬೇಕಾದ ಬೆಲೆಯೊಂದಿದೆ. ಪರರ ಅಂಗವನ್ನು ದೇಹ ಶತ್ರುವೆಂದೇ ಭಾವಿಸಿ ಅದರ ಮೇಲೆ ಎರಗುತ್ತದೆ. ಅದನ್ನು ತಡೆಯಲು ರಕ್ಷಣಾಶಕ್ತಿಯನ್ನು ಕುಗ್ಗಿಸುವ ಔಷಧಗಳನ್ನು ಕಸಿ ಕೆಲಸ ಮಾಡುತ್ತಿರುವಷ್ಟು ಕಾಲವೂ ಸೇವಿಸಬೇಕು. ಇದರಿಂದ ಸೋಂಕುಗಳೂ ಕೆಲವು ಬಗೆಯ ಕ್ಯಾನ್ಸರುಗಳೂ ಬರುವ ಸಂಭವ ಹೆಚ್ಚುತ್ತದೆ. ಆದುದರಿಂದಲೇ ಇನ್ಸುಲಿನ್ನಿನಿಂದ ಕ್ಷೇಮವಾಗಿರುವವರಿಗೆ ಕಸಿಯನ್ನು ಸೂಚಿಸುವುದಿಲ್ಲ. ಮೂತ್ರಪಿಂಡದ ಕಸಿಗಾಗಿ ಈ ಔಷಧಗಳನ್ನು ಹೇಗೂ ಸೇವಿಸಬೇಕಾದವರಿಗೆ ಮಾತ್ರ ಇದು ಹೊಸ ಹೊರೆಯಾಗುವುದಿಲ್ಲ.

ಇನ್ನು ದಾನಿಯ ವಿಚಾರ. ಮೂತ್ರಪಿಂಡಗಳು ಎರಡಿರುವುದರಿಂದ ಬದುಕಿರುವ ಬಂಧುವೊಬ್ಬನು ಒಂದನ್ನು ಕೊಡಬಹುದು. ಮೇದೋಜೀರಕ ಗ್ರಂಥಿ ಇರುವುದು ಒಂದೇ. ಆದುದರಿಂದ ಅದು ಬಹುಮಟ್ಟಿಗೆ ಮೃತರಿಂದಲೇ ಬರಬೇಕು. ಅಪಘಾತದಿಂದಲೋ ಮೆದುಳಿನ ರಕ್ತಸ್ರಾವದಿಂದಲೋ ಮೆದುಳುಕಾಂಡ ಶಾಶ್ವತವಾಗಿ ನಾಶವಾದಾಗ, ಯಂತ್ರದ ನೆರವಿನಿಂದ ಉಸಿರಾಟ ನಡೆಯುತ್ತಿದ್ದರೂ ವ್ಯಕ್ತಿ ಮರಳಿ ಬರಲಾರನು. ಬ್ರಿಟನ್ನಿನಲ್ಲಿ ಇಬ್ಬರು ಅನುಭವಿ ವೈದ್ಯರು ಎರಡು ಸಲ ಪರೀಕ್ಷೆಗಳನ್ನು ನಡೆಸಿ ಈ ಮರಣವನ್ನು ನಿರ್ಣಯಿಸುತ್ತಾರೆ. ಕಸಿ ಮಾಡುವ ವೈದ್ಯರಿಗೆ ಈ ನಿರ್ಣಯದಲ್ಲಿ ಪಾಲಿರಕೂಡದು. ಒಬ್ಬನನ್ನು ಉಳಿಸುವ ಆತುರದಲ್ಲಿ ಇನ್ನೊಬ್ಬನ ಆರೈಕೆ ಎಳ್ಳಷ್ಟೂ ಕುಂದಬಾರದೆಂಬುದೇ ಈ ಕಟ್ಟಳೆಯ ಉದ್ದೇಶ. ಹೃದಯ ನಿಂತು ಮರಣ ಹೊಂದಿದ ಕೆಲವರಿಂದಲೂ ಅಂಗಗಳನ್ನು ಪಡೆಯಲಾಗುತ್ತದೆ. ಆಗ ಕಾಲವಿಳಂಬಕ್ಕೆ ಆಸ್ಪದವೇ ಇಲ್ಲ.

ದಾನಿ ದೊರೆತ ಮಾತ್ರಕ್ಕೆ ಅಂಗ ಯೋಗ್ಯವೆಂದಾಗುವುದಿಲ್ಲ. ಮಾವಿನ ಕಸಿ ಕಟ್ಟುವ ತೋಟಗಾರನು ಕೈಗೆ ಸಿಕ್ಕಿದ ಕಡ್ಡಿಯನ್ನು ಕಟ್ಟುವುದಿಲ್ಲ. ಅದರ ಬಲಿತ, ಹಸಿತನ, ಗಾತ್ರಗಳನ್ನು ನೋಡುತ್ತಾನೆ. ವೈದ್ಯರ ಪರಿಶೀಲನೆ ಇದಕ್ಕಿಂತ ಎಷ್ಟೋ ಪಾಲು ಕಠಿಣವಾದುದು. ದಾನಿಗೆ ಮಧುಮೇಹವಿದ್ದಿರಬಾರದು. ಮದ್ಯಪಾನದಿಂದಲೋ ಉರಿಯೂತದಿಂದಲೋ ಗ್ರಂಥಿ ಗಟ್ಟಿಯಾಗಿರಬಾರದು. ಕ್ಯಾನ್ಸರ್, ಅಂಟುರೋಗಗಳು ಪಡೆಯುವವನಿಗೆ ಹರಡುವಂತಿರಬಾರದು. ಇವೆಲ್ಲವೂ ಸರಿಯಿದ್ದ ಮೇಲೂ ದಾನಿಯ ವಯಸ್ಸು ಮತ್ತು ಮೈತೂಕಗಳನ್ನು ಗಮನಿಸಬೇಕು.

ಇಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಇಡೀ ಗ್ರಂಥಿಯ ಕಸಿಗೆ ಎಳೆಯ ವಯಸ್ಸಿನ, ತೆಳುಮೈಯ ದಾನಿ ಉತ್ತಮ. ಸ್ಥೂಲದೇಹಿಗಳ ಗ್ರಂಥಿಯಲ್ಲಿ ಕೊಬ್ಬು ಸೇರಿಕೊಂಡಿರುತ್ತದೆ. ಅಂತಹ ಗ್ರಂಥಿಗೆ ಹೊಸ ದೇಹದ ರಕ್ತ ಹರಿದೊಡನೆ ಅದು ಊದಿಕೊಳ್ಳಬಹುದು. ಅದರ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಅಂಗವೇ ನಾಶವಾಗಬಹುದು. ಆದರೆ ಕಿರುದ್ವೀಪಗಳನ್ನು ಬೇರ್ಪಡಿಸಬೇಕಾದಾಗ ಮಾತು ತಿರುಗಿಬೀಳುತ್ತದೆ. ತುಸು ದಪ್ಪಗಿರುವ, ನಡುವಯಸ್ಸಿನ ದಾನಿಯಿಂದ ಕಿರುದ್ವೀಪಗಳು ಹೆಚ್ಚಾಗಿ ದೊರೆಯುತ್ತವೆ. ತೀರ ಎಳೆಯರ ಗ್ರಂಥಿಯಲ್ಲಿ ಅವು ಸುತ್ತಲಿನ ಅಂಗಾಂಶಕ್ಕೆ ಬಿಗಿಯಾಗಿ ಅಂಟಿಕೊಂಡಿದ್ದು ಸುಲಭವಾಗಿ ಬಿಟ್ಟುಬರುವುದಿಲ್ಲ. ಹೀಗೆ ಒಂದು ಮಾರ್ಗಕ್ಕೆ ಒಲ್ಲದ ಅಂಗ ಇನ್ನೊಂದು ಮಾರ್ಗಕ್ಕೆ ಒದಗಿಬರುತ್ತದೆ.

ಕಾಲವೂ ಒಂದು ಒರೆಗಲ್ಲು. ದೇಹದಿಂದ ಹೊರತೆಗೆದ ಗ್ರಂಥಿಯನ್ನು ಶೀತಲ ದ್ರಾವಣದಲ್ಲಿ ಮಂಜುಗಡ್ಡೆಯ ನಡುವೆ ಇರಿಸುತ್ತಾರೆ. ಆದರೂ ಗಂಟೆಗಳು ಕಳೆದಂತೆ ಅದರ ಸತ್ತ್ವ ಕುಂದುತ್ತದೆ. ಹನ್ನೆರಡು ಗಂಟೆಗಳೊಳಗಾಗಿ ಕಸಿ ಮುಗಿಯುವುದು ಲೇಸೆಂದು ವೈದ್ಯರು ಬಯಸುತ್ತಾರೆ. ಕಾಗದದ ಮೇಲೆ ಎಲ್ಲವೂ ಸರಿಯೆನಿಸಿದ್ದರೂ ಅಂಗವನ್ನು ಕಣ್ಣಾರೆ ಕಂಡ ಶಸ್ತ್ರವೈದ್ಯರು ಕೊನೆಯ ಗಳಿಗೆಯಲ್ಲಿ ಬೇಡವೆನ್ನುವುದುಂಟು.

ಯೋಗ್ಯವಾದ ಅಂಗ ದೊರೆಯಿತೆನ್ನಿ. ಈಗ ಎರಡನೆಯ ಪ್ರಶ್ನೆ ಎದ್ದುನಿಲ್ಲುತ್ತದೆ. ಕಾದಿರುವವರು ಹಲವರು, ಅಂಗ ಒಂದೇ. ಯಾರಿಗೆ ಕೊಡಬೇಕು? ದಾನವನ್ನು ಪಾತ್ರರಿಗೆ ಮಾಡಬೇಕು, ಅಪಾತ್ರರಿಗೆ ಮಾಡಬಾರದು ಎಂಬುದು ಹಿರಿಯರ ಮಾತು. ಇಲ್ಲಿ ಪಾತ್ರತೆಯನ್ನು ಅಳೆಯುವ ಬಗೆ ಹೇಗೆ?

ಬ್ರಿಟನ್ನಿನಲ್ಲಿ 2010ರವರೆಗೆ ದಾನವಾಗಿ ಬಂದ ಮೇದೋಜೀರಕ ಗ್ರಂಥಿಯನ್ನು ಕಸಿ ಕೇಂದ್ರಗಳಿಗೆ ಹಂಚಲಾಗುತ್ತಿದ್ದಿತು. ಕೇಂದ್ರದ ವೈದ್ಯರು ತಮ್ಮ ರೋಗಿಗಳಲ್ಲಿ ಒಬ್ಬರನ್ನು ಆರಿಸುತ್ತಿದ್ದರು. ಇದರಿಂದ ರೋಗಿಯ ಅದೃಷ್ಟ ಅವನು ಯಾವ ಕೇಂದ್ರದಲ್ಲಿ ಹೆಸರು ಬರೆಸಿದ್ದನೆಂಬುದನ್ನು ಅವಲಂಬಿಸುವಂತಾಗಿತ್ತು. ಅಷ್ಟರಲ್ಲಿ, 2008ರಿಂದ, ಸರ್ಕಾರಿ ಆರೋಗ್ಯ ಸೇವೆಯ ವೆಚ್ಚದಲ್ಲಿ ಕಿರುದ್ವೀಪಗಳ ಕಸಿಯೂ ಆರಂಭವಾಗಿ, ಒಂದೇ ಅಂಗಕ್ಕೆ ಎರಡು ಬಗೆಯ ರೋಗಿಗಳು ಕಾಯತೊಡಗಿದರು. ಆದುದರಿಂದ 2010ರ ಡಿಸೆಂಬರ್ 1ರಿಂದ ಹೊಸ ಪದ್ಧತಿಯೊಂದನ್ನು ಜಾರಿಗೆ ತರಲಾಯಿತು. ಇಡೀ ದೇಶಕ್ಕೆ ಒಂದೇ ಪಟ್ಟಿ. ಇಡೀ ಗ್ರಂಥಿಗೆ ಕಾದವರೂ ಕಿರುದ್ವೀಪಗಳಿಗೆ ಕಾದವರೂ ಅದರಲ್ಲಿ ಒಟ್ಟಿಗೆ ಇರುತ್ತಾರೆ. ದಾನಿಯೊಬ್ಬನ ವಿವರಗಳು ಬಂದಾಗಲೆಲ್ಲ ಗಣಕಯಂತ್ರವು ಪ್ರತಿಯೊಬ್ಬ ರೋಗಿಗೂ ಅಂಕಗಳನ್ನು ಲೆಕ್ಕಹಾಕುತ್ತದೆ. ಹೆಚ್ಚು ಅಂಕ ಪಡೆದವರಿಗೆ ಅಂಗ ಮೊದಲು ಸಲ್ಲುತ್ತದೆ.

ಅಂಕಗಳನ್ನು ಕೊಡುವುದು ಯಾವುದಕ್ಕೆ? ಮೊದಲನೆಯದಾಗಿ ಕಾದ ಕಾಲಕ್ಕೆ. ಹೆಚ್ಚು ಕಾಲ ಕಾದವರಿಗೆ ಹೆಚ್ಚು ಅಂಕ. ಎರಡನೆಯದಾಗಿ ಅಂಗಾಂಶಗಳ ಹೊಂದಾಣಿಕೆಗೆ. ಪ್ರತಿಯೊಬ್ಬನ ಜೀವಕೋಶಗಳ ಮೇಲೂ ಎಚ್‌ಎಲ್‌ಎ ಎಂಬ ಗುರುತುಗಳಿವೆ. ದಾನಿಯ ಗುರುತುಗಳು ರೋಗಿಯವನ್ನು ಹೋಲಿದಷ್ಟೂ ಒಳ್ಳೆಯದು. ಹಿಂದೆ ರಕ್ತ ಪಡೆದವರಲ್ಲಿ, ಹೆತ್ತ ತಾಯಂದಿರಲ್ಲಿ, ಒಮ್ಮೆ ಕಸಿ ಮಾಡಿಸಿಕೊಂಡವರಲ್ಲಿ ಪರರ ಗುರುತುಗಳ ವಿರುದ್ಧ ಪ್ರತಿಕಾಯಗಳು ಬೆಳೆದಿರಬಹುದು. ಅಂಥವರಿಗೆ ಒಗ್ಗುವ ದಾನಿ ಅಪರೂಪ; ಆದುದರಿಂದ ಅಪರೂಪವಾಗಿ ಒಗ್ಗಿದಾಗ ಅವರಿಗೆ ವಿಶೇಷ ಗಮನ ಸಲ್ಲುತ್ತದೆ. ರೋಗಿಯು ಯಂತ್ರದಿಂದ ರಕ್ತವನ್ನು ಶೋಧಿಸಿಕೊಳ್ಳುವ ಡಯಾಲಿಸಿಸ್ ಸ್ಥಿತಿಯಲ್ಲಿದ್ದಾನೆಯೇ, ಅಂಗವನ್ನು ಅವನಲ್ಲಿಗೆ ಒಯ್ಯಲು ಎಷ್ಟು ಹೊತ್ತು ಬೇಕು ಎಂಬುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ದಾನಿ ದಪ್ಪಗಿದ್ದರೆ ಕಿರುದ್ವೀಪಗಳಿಗೆ ಕಾದವರ ಕಡೆಗೂ, ತೆಳ್ಳಗಿದ್ದರೆ ಇಡೀ ಗ್ರಂಥಿಗೆ ಕಾದವರ ಕಡೆಗೂ ತಕ್ಕಡಿ ವಾಲುತ್ತದೆ.

ಇವೆಲ್ಲಕ್ಕೂ ಮೊದಲು ನೋಡಬೇಕಾದುದು ರಕ್ತದ ಗುಂಪು. ‘ಓ’ ಗುಂಪಿನ ದಾನಿಯ ಅಂಗ ಎಲ್ಲ ಗುಂಪಿನವರಿಗೂ ಒಗ್ಗುತ್ತದೆ. ಆದರೆ ‘ಓ’ ಗುಂಪಿನ ರೋಗಿಗೆ ‘ಓ’ ಗುಂಪಿನ ಅಂಗವೇ ಬೇಕು. ಎಲ್ಲರಿಗೂ ಒಗ್ಗುತ್ತದೆಂದು ಅದನ್ನು ಎಲ್ಲರಿಗೂ ಹಂಚಿದರೆ ‘ಓ’ ಗುಂಪಿನವರ ಸರದಿ ಹಿಂದೆ ಬೀಳುತ್ತ ಹೋಗುತ್ತದೆ. ಮೇಲುನೋಟಕ್ಕೆ ಉದಾರವಾಗಿ ಕಾಣುವ ಹಂಚಿಕೆ ನ್ಯಾಯವಾಗಿರಲಾರದೆಂಬುದಕ್ಕೆ ಇದೊಂದು ನಿದರ್ಶನ.

ಈ ಲೆಕ್ಕಾಚಾರ ನಡೆಯುವ ಬಗೆಯನ್ನು ತಿಳಿಯಲು ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಬಹುದು. ನಲವತ್ತೆಂಟು ವರ್ಷದ, ಸ್ಥೂಲಕಾಯದ ವ್ಯಕ್ತಿಯೊಬ್ಬನು ಮೆದುಳಿನ ರಕ್ತಸ್ರಾವದಿಂದ ಮೃತನಾಗಿದ್ದಾನೆ. ಮನೆಯವರು ದಾನಕ್ಕೆ ಒಪ್ಪಿದ್ದಾರೆ. ಪಟ್ಟಿಯಲ್ಲಿ ಮೂವರಿದ್ದಾರೆ. ಮೊದಲನೆಯವಳು ಮೂವತ್ತಾರು ವರ್ಷದ ಶಿಕ್ಷಕಿ. ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾಳೆ. ಕಾಯತೊಡಗಿ ಒಂದು ವರ್ಷವಾಗಿದೆ. ಎರಡನೆಯವನು ಐವತ್ತೆರಡು ವರ್ಷದ ಬಡಗಿ. ಸಕ್ಕರೆ ಮುನ್ಸೂಚನೆಯಿಲ್ಲದೆ ಕುಸಿಯುವುದರಿಂದ ಉಳಿ ಗರಗಸ ಮುಟ್ಟಲು ಅಂಜುತ್ತಾನೆ. ಕಿರುದ್ವೀಪಗಳಿಗಾಗಿ ಎರಡು ವರ್ಷಗಳಿಂದ ಕಾದಿದ್ದಾನೆ. ಮೂರನೆಯವಳು ಇಬ್ಬರು ಮಕ್ಕಳ ತಾಯಿ. ದೇಹದಲ್ಲಿ ಪ್ರತಿಕಾಯಗಳು ತುಂಬಿರುವುದರಿಂದ ನಾಲ್ಕು ವರ್ಷಗಳಿಂದಲೂ ಯಾರ ಅಂಗವೂ ಒಗ್ಗಿಲ್ಲ. ಮೂವರ ಕಷ್ಟವೂ ನಿಜವಾದುದೇ. ಈ ರಾತ್ರಿಯ ದಾನಿಯ ಗ್ರಂಥಿಯಲ್ಲಿ ಕೊಬ್ಬು ಹೆಚ್ಚಾಗಿರುವ ಸಂಭವವಿರುವುದರಿಂದ ಬಡಗಿಯ ಅಂಕಗಳು ಏರುತ್ತವೆ. ಆದರೆ ದಾನಿಯ ಗುರುತುಗಳಿಗೆ ಆ ತಾಯಿಯ ಪ್ರತಿಕಾಯಗಳು ಅಡ್ಡಿ ಮಾಡುವುದಿಲ್ಲವೆಂದು ತಿಳಿದುಬಂದರೆ ಅವಳ ಅಂಕಗಳೂ ಏರುತ್ತವೆ. ಇಂತಹ ಅವಕಾಶ ಅವಳಿಗೆ ಮತ್ತೆ ಯಾವಾಗ ಬಂದೀತೋ! ಅದೇ ದಾನಿಯು ಇಪ್ಪತ್ತೆರಡರ ತೆಳುಮೈಯ ತರುಣನಾಗಿದ್ದರೆ ಶಿಕ್ಷಕಿಯ ಹೆಸರು ಮೇಲಕ್ಕೆ ಬರಬಹುದಾಗಿತ್ತು. ಒಬ್ಬರ ಹೆಸರು ಮೇಲೆ ಬಂದಾಗ ಇನ್ನಿಬ್ಬರು ಕಾಯಲೇಬೇಕು. ತಮ್ಮನ್ನು ದಾಟಿ ಅಂಗವೊಂದು ಹೋಯಿತೆಂಬುದು ಅವರಿಗೆ ತಿಳಿಯದೆಯೂ ಹೋಗಬಹುದು.

ಹೀಗಿರುವಾಗ ರೋಗಿಯ ಮಂಚದ ಬಳಿ ನಿಂತ ವೈದ್ಯರೇ ತೀರ್ಮಾನಿಸಬಾರದೇಕೆ ಎಂದು ಕೇಳಬಹುದು. ಒಳ್ಳೆಯ ವೈದ್ಯರು ತಮ್ಮ ರೋಗಿಯ ಪರವಾಗಿ ವಾದಿಸಿಯೇ ತೀರುತ್ತಾರೆ. ಅದು ಅವರ ಧರ್ಮ. ಆದರೆ ಬೇರೊಂದು ಊರಿನ ಆಸ್ಪತ್ರೆಯಲ್ಲಿರುವ, ಅವರು ಕಾಣದ ರೋಗಿಯ ಪರವಾಗಿ ವಾದಿಸುವವರು ಯಾರು? ಎದುರಿಗಿರುವವನ ಕಣ್ಣೀರು ಕಾಣುತ್ತದೆ, ದೂರದವನದು ಕಾಣುವುದಿಲ್ಲ. ಆ ಕಾಣದವನ ಪರವಾಗಿ ನಿಲ್ಲುವುದೇ ನಿಯಮ. ದಾನಿ ಯಾರು, ರೋಗಿ ಯಾರು ಎಂಬುದು ಗೊತ್ತಾಗುವ ಮೊದಲೇ, ಎಲ್ಲರೂ ಓದಬಹುದಾದಂತೆ ಅದನ್ನು ಬರೆದಿಟ್ಟಿರುತ್ತಾರೆ. ಅದರಲ್ಲಿ ಹಣಕ್ಕೆ ಅಂಕವಿಲ್ಲ, ಪದವಿಗೆ ಅಂಕವಿಲ್ಲ, ಕೀರ್ತಿಗೆ ಅಂಕವಿಲ್ಲ. ರೋಗಿ ಸಜ್ಜನನೋ ಅಲ್ಲವೋ ಎಂದೂ ಅದು ವಿಚಾರಿಸುವುದಿಲ್ಲ. ಅಗತ್ಯ, ಹೊಂದಾಣಿಕೆ, ಕಾದ ಕಾಲ ಇವೇ ಇಲ್ಲಿ ಪಾತ್ರತೆಯ ಅಳತೆಗೋಲುಗಳು.

ಆದರೂ ನಿಯಮವು ಎಲ್ಲ ಸಂದೇಹಗಳನ್ನೂ ಬಗೆಹರಿಸಿದೆ ಎನ್ನಲಾಗದು. ಮೇದೋಜೀರಕ ಗ್ರಂಥಿಯೊಡನೆ ಅದೇ ದಾನಿಯ ಒಂದು ಮೂತ್ರಪಿಂಡವೂ ಮಧುಮೇಹದ ರೋಗಿಗೆ ಹೋದಾಗ, ಮೂತ್ರಪಿಂಡವೊಂದಕ್ಕಾಗಿಯೇ ಕಾದವರಲ್ಲಿ ಒಬ್ಬರ ಸರದಿ ಹಿಂದೆ ಸರಿಯುತ್ತದೆ. ಕಿರುದ್ವೀಪಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ರೋಗಿಯ ಮೈತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 5,000 ಕಿರುದ್ವೀಪಗಳಾದರೂ ಬೇಕು. ಅಂದರೆ 60 ಕಿಲೋಗ್ರಾಂ ತೂಗುವವನಿಗೆ 3 ಲಕ್ಷ. ಗ್ರಂಥಿಯಲ್ಲಿರುವ ಹತ್ತು ಲಕ್ಷದಲ್ಲಿ ಎಷ್ಟೋ ಪಾಲು ಬೇರ್ಪಡಿಸುವಾಗಲೇ ನಷ್ಟವಾಗುವುದರಿಂದ, ಅನೇಕರಿಗೆ ಇಬ್ಬರು ದಾನಿಗಳ ಗ್ರಂಥಿಗಳು ಬೇಕಾಗುತ್ತವೆ. ಅರ್ಧ ಗುಣವಾದ ಒಬ್ಬನಿಗೆ ಎರಡನೆಯ ದಾನವನ್ನು ಕೊಟ್ಟು ಪೂರ್ಣಗೊಳಿಸಬೇಕೇ, ಇಲ್ಲವೇ ಇನ್ನೂ ಏನನ್ನೂ ಪಡೆಯದ ಇನ್ನೊಬ್ಬನಿಗೆ ಕೊಡಬೇಕೇ? ಇಂತಹ ಪ್ರಶ್ನೆಗಳಿಗೆ ಗಣಕಯಂತ್ರ ತಾನಾಗಿ ಉತ್ತರ ಹೇಳಲಾರದು. ಯಾವುದಕ್ಕೆ ಎಷ್ಟು ಅಂಕವೆಂದು ಮನುಷ್ಯರೇ ಚರ್ಚಿಸಿ ನಿರ್ಧರಿಸಬೇಕು. ಫಲಿತಾಂಶವನ್ನು ಪರಿಶೀಲಿಸಿ ತಿದ್ದಬೇಕು.

ಭಾರತದಲ್ಲಿ ಮಾನವ ಅಂಗಗಳ ಕಸಿಗೆ ಸಂಬಂಧಿಸಿದ ಕಾಯಿದೆ 1994ರಲ್ಲಿ ಅಂಗೀಕಾರವಾಯಿತು. ಅಂಗಗಳ ಕ್ರಯವಿಕ್ರಯ ಈ ಕಾಯಿದೆಯ ಪ್ರಕಾರ ಅಪರಾಧ. ಮೆದುಳುಕಾಂಡದ ಮರಣವನ್ನು ನಾಲ್ವರು ವೈದ್ಯರ ಮಂಡಲಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಮೃತರ ಅಂಗಗಳನ್ನು ಕಾದಿರುವವರಿಗೆ ಹಂಚುವ ಹೊಣೆಯನ್ನು ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆ ಹೊತ್ತಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 2015ರಿಂದಲೂ ಇಂಗ್ಲೆಂಡಿನಲ್ಲಿ 2020ರಿಂದಲೂ, ಬೇಡವೆಂದು ಮೊದಲೇ ತಿಳಿಸದಿದ್ದ ವಯಸ್ಕರು ದಾನಕ್ಕೆ ಸಮ್ಮತಿಸಿದ್ದಾರೆಂದು ಕಾನೂನು ಭಾವಿಸುತ್ತದೆ. ಆದರೂ ಮನೆಯವರೊಡನೆ ಮಾತನಾಡದೆ ಮುಂದುವರಿಯುವುದಿಲ್ಲ. ಭಾರತದಲ್ಲಿ ಅಂತಹ ಕಾನೂನಿಲ್ಲ. ಬದುಕಿದ್ದಾಗ ಮಾಡಿದ ಸಂಕಲ್ಪ ಮತ್ತು ಮನೆಯವರ ಒಪ್ಪಿಗೆಯಿಂದಲೇ ದಾನ ನಡೆಯಬೇಕು. ಆದುದರಿಂದ ಮನೆಯ ಜಗಲಿಯ ಮೇಲೆ ಕುಳಿತು ಈ ವಿಷಯವನ್ನು ಒಮ್ಮೆಯಾದರೂ ಮಾತನಾಡಿಕೊಂಡಿರುವುದು ಇಲ್ಲಿ ಬಹು ಮುಖ್ಯ. ದುಃಖ ಎರಗಿದ ಗಳಿಗೆಯಲ್ಲಿ ಹೊಸದಾಗಿ ಆಲೋಚಿಸುವ ಶಕ್ತಿ ಯಾರಿಗೂ ಇರುವುದಿಲ್ಲ.

ಮುಂದೊಂದು ದಿನ ಈ ಹಂಚಿಕೆಯ ಸಂಕಟವೇ ಇಲ್ಲವಾಗಬಹುದು. ಮೂಲಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಕಿರುದ್ವೀಪಗಳ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿಗೆ ಒಂದು ವರ್ಷದ ಬಳಿಕ ಇನ್ಸುಲಿನ್ ಬೇಕಾಗಲಿಲ್ಲವೆಂದು 2025ರಲ್ಲಿ ವರದಿಯಾಗಿದೆ. ಇದು ದೊಡ್ಡ ಭರವಸೆ. ಆದರೆ ಅಂತಹ ಚಿಕಿತ್ಸೆ ಎಲ್ಲರ ಕೈಗೆ ಎಟುಕುವವರೆಗೂ, ಮೃತರು ಬಿಟ್ಟುಹೋದ ಉಡುಗೊರೆಯೇ ಕಾದಿರುವವರಿಗೆ ಆಸರೆ.

ಬ್ರಿಟನ್ನಿನ ಅಂಗಗಳ ಹಂಚಿಕೆಯ ಕಾರ್ಯಾಲಯ ಇರುವುದು ಬ್ರಿಸ್ಟಲಿನಲ್ಲಿಯೇ. 1893ರಲ್ಲಿ ಹದಿನೈದರ ಬಾಲಕ ಕೊನೆಯುಸಿರೆಳೆದ ಅದೇ ನಗರದಲ್ಲಿ. ಅಲ್ಲಿ ಹಗಲಿರುಳೂ ದೂರವಾಣಿಯ ಬಳಿ ಎಚ್ಚರವಾಗಿರುವವರಿದ್ದಾರೆ. ದೂರದ ಆಸ್ಪತ್ರೆಯಿಂದ ಒಂದು ಕರೆ ಬರುತ್ತದೆ. ಎಲ್ಲಿಯೋ ಒಂದು ಮನೆಯಲ್ಲಿ ದೀಪ ಆರಿದೆ. ಆ ಮನೆಯವರು ತಮ್ಮ ದುಃಖದ ನಡುವೆಯೂ ಹೆಸರು ತಿಳಿಯದವರೊಬ್ಬರಿಗಾಗಿ ಕೈಯೆತ್ತಿ ಕೊಟ್ಟಿದ್ದಾರೆ. ಅವರು ಕೊಟ್ಟುದು ಹಾಳಾಗದಂತೆ, ಅದು ಸಲ್ಲಬೇಕಾದವರಿಗೆ ಸಲ್ಲುವಂತೆ ನೋಡಿಕೊಳ್ಳುವುದು ಉಳಿದವರ ಕರ್ತವ್ಯ. ಕರೆ ಸ್ವೀಕರಿಸಿದವರು ದಾನಿಯ ರಕ್ತದ ಗುಂಪು, ವಯಸ್ಸು, ತೂಕಗಳನ್ನು ಬರೆದುಕೊಂಡು ಪಟ್ಟಿಯನ್ನು ತೆರೆಯುತ್ತಾರೆ.